ಹಾಫ್ ಮೂನಾ, ಪ್ಯಾರಡೈಸಾ? ಗೋಕರ್ಣದ ಎರಡು ಪುಟ್ಟ ಬೀಚುಗಳು

ಗೋಕರ್ಣಕ್ಕೆ ಹೋದವರಲ್ಲಿ ತುಂಬಾ ಜನ ಓಂ ಬೀಚು ನೋಡಿ ವಾಪಸ್ಸಾಗುತ್ತಾರೆ. ಗಾಡಿ ಹೋಗುವುದೂ ಅಲ್ಲಿಯವರೆಗೇ. ಅದರ ದಕ್ಷಿಣಕ್ಕೆ, ಗುಡ್ಡದ ಆಚೆ, ಮೊದಲು ಹಾಫ್ ಮೂನ್, ಆಮೇಲೆ ಪ್ಯಾರಡೈಸ್. ನಡೆಯಬೇಕು, ಇಲ್ಲವೇ ದೋಣಿ ಹತ್ತಬೇಕು. ಎರಡನ್ನೂ ಉಬ್ಬರದಲ್ಲೂ ಇಳಿತದಲ್ಲೂ ನೋಡಿದ್ದೇನೆ. ನನ್ನ ಓಟು ಹಾಫ್ ಮೂನಿಗೆ.

ಮೊದಲ ಕಾರಣ ದಾರಿ. ಓಂ ಬೀಚಿನ ತುದಿಯಿಂದ ಗುಡ್ಡ ಹತ್ತಿದರೆ ಸುಮಾರು ಅರ್ಧ ಗಂಟೆಯಲ್ಲಿ ಹಾಫ್ ಮೂನ್ ಸಿಗುತ್ತದೆ. ಕಾಲಡಿ ಕೆಂಪು ಚಿರೇಕಲ್ಲು, ಬಲಕ್ಕೆ ಕೆಳಗಡೆ ಸಮುದ್ರ. ಕೆಲವು ಕಡೆ ಅಂಚು ಹತ್ತಿರವೇ ಇದೆ, ಚಪ್ಪಲಿಗಿಂತ ಶೂ ವಾಸಿ. ಪ್ಯಾರಡೈಸಿಗೆ ಅಲ್ಲಿಂದ ಮತ್ತೆ ಅಷ್ಟೇ ಹೊತ್ತು ನಡೆಯಬೇಕು. ಆದರೆ ಈ ಭಾಗ ಬಂಡೆಗಳದ್ದು, ಜಾಸ್ತಿ ಕಷ್ಟ. ಬಂಡೆ ಒದ್ದೆಯಿದ್ದರೆ ಸುಮ್ನೆ ಸಾಹಸ ಬೇಡ.

ಎರಡನೆಯದು, ಇದೇ ಮುಖ್ಯ, ಮರಳು. ಹಾಫ್ ಮೂನಿನದು ಹೆಸರಿಗೆ ತಕ್ಕ ಪುಟ್ಟ ಬಿಲ್ಲಿನಾಕಾರ. ಉಬ್ಬರದಲ್ಲಿ ಕಿರಿದಾಗುತ್ತದೆ, ಆದರೂ ಕೂರಲು ಜಾಗ ಉಳಿಯುತ್ತದೆ. ಪ್ಯಾರಡೈಸಿನಲ್ಲಿ ಮರಳಿಗಿಂತ ಬಂಡೆಯೇ ಹೆಚ್ಚು. ಇಳಿತದಲ್ಲಿ ಬಂಡೆಗಳ ನಡುವೆ ಚಂದದ ಮರಳಿನ ತುಂಡುಗಳು ಕಾಣುತ್ತವೆ, ಗುಂಡಿಗಳಲ್ಲಿ ನಿಂತ ನೀರಿನಲ್ಲಿ ಏಡಿಗಳು. ಆ ಹೊತ್ತಿನಲ್ಲಿ ಅದು ಹಾಫ್ ಮೂನನ್ನು ಮೀರಿಸುತ್ತದೆ, ಒಪ್ಪುತ್ತೇನೆ. ನೀರು ಏರಿತೋ, ಬಂಡೆಯ ಮೇಲೆ ಕೂತು ಅಲೆ ಎಣಿಸುವುದಷ್ಟೇ ಕೆಲಸ.

ಹಾಗಾಗಿ ಹೋಗುವ ಮೊದಲು ಇಳಿತದ ಹೊತ್ತು ನೋಡಿಕೊಳ್ಳಿ. ಫೋನಿನಲ್ಲಿ ಕಾರವಾರದ್ದು ಸಿಗುತ್ತದೆ, ಅಂದಾಜಿಗೆ ಅದೇ ಸಾಕು. ಉಬ್ಬರದಿಂದ ಇಳಿತಕ್ಕೆ ಹೆಚ್ಚುಕಮ್ಮಿ 6 ಗಂಟೆ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನಿನ್ನೆಯ ಲೆಕ್ಕ ಹಿಡಿದು ಇವತ್ತು ಹೊರಡಬಾರದು, ಅಲ್ವಾ? ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಪ್ಯಾರಡೈಸ್ ನೋಡಲೇಬೇಕೆಂದರೆ ಆ ದಿನಗಳ ಇಳಿತವೇ ಒಳ್ಳೆಯದು. ಉಬ್ಬರಕ್ಕೆ ಮೊದಲೇ ಹೊರಟುಬಿಡಬೇಕು.

ದೋಣಿ? ಮಂಡಿನೋವಿನವರಿಗೆ, ಮಕ್ಕಳಿಗೆ ಸರಿ. ಅದೃಷ್ಟವಿದ್ದರೆ ಡಾಲ್ಫಿನ್ ಕೂಡ. ದರ ಮೊದಲೇ ಮಾತಾಡಿ, ವಾಪಸ್ ಕರೆತರುವುದನ್ನೂ ಸೇರಿಸಿ. ಇಳಿಯುವಾಗ ಪ್ಯಾಂಟ್ ಒದ್ದೆಯಾಗುವುದು ಖಾತ್ರಿ.

ಈಜುವುದಾದರೆ ಎರಡರಲ್ಲೂ ದಡದ ಹತ್ತಿರವೇ ಇರಿ, ನೀರಿನಡಿ ಬಂಡೆಗಳಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡೂ ಬೇಡ. ಗುಡ್ಡ ಜಾರುತ್ತದೆ, ಕಡಲು ರೊಚ್ಚಿಗೆದ್ದಿರುತ್ತದೆ. ಆಗ ಗೋಕರ್ಣದ್ದೇ ಇನ್ನೊಂದು ಬೀಚು ಕುಡ್ಲೆಯ ದಡದಲ್ಲಿ ಕೂತು ಬಿಸಿ ಚಹಾ ಕುಡಿಯುವುದೇ ವಾಸಿ.