ವೀಕೆಂಡ್ ಎಂಬಿಎ ಮುಗಿಸಿ 3 ವರ್ಷ: ಒಬ್ಬ ಫಿಜಿಷಿಯನ್ ಅನುಭವ

ಕೋರ್ಸ್ ಮುಗಿದ ವಾರವೇ ವಿಮರ್ಶೆ ಬರೆದುಕೊಡಿ ಅಂತ ಕಾಲೇಜಿನವರು ಕೇಳಿದ್ದರು. ಆಗ ಬರೆಯಲಿಲ್ಲ. ಕ್ಲಾಸಿನಲ್ಲಿ ಕಲಿತದ್ದು ವಾರ್ಡಿನಲ್ಲಿ ನಿಲ್ಲುತ್ತಾ ಇಲ್ವಾ ಅಂತ ನೋಡಿಯೇ ಬರೆಯಬೇಕು ಅನ್ನಿಸಿತ್ತು. 2023ರಲ್ಲಿ ಮುಗಿಸಿದೆ, ಈಗ ಬರೆಯುತ್ತಿದ್ದೇನೆ. ಕಾಲೇಜಿನ ಹೆಸರು ಬೇಡ, ಬೆಂಗಳೂರಿನದೇ.

ನಾನು ಜನರಲ್ ಮೆಡಿಸಿನ್ ಫಿಜಿಷಿಯನ್. ಸೇರಿದ್ದಕ್ಕೆ ಕಾರಣ 2021ರ ಏಪ್ರಿಲ್, ಮೇ. ಕೋವಿಡ್ ಎರಡನೇ ಅಲೆಯಲ್ಲಿ ನಮ್ಮೂರಿನಲ್ಲಿ ಬೆಡ್‌ಗೂ ಆಕ್ಸಿಜನ್‌ಗೂ ಜನ ಹೇಗೆ ಅಲೆದರು ಅಂತ ನಿಮಗೆಲ್ಲ ನೆನಪಿದೆ ಅಲ್ವಾ? ಆಗ ನನ್ನ ಕೈಗೆ ಒಂದು ವಾರ್ಡಿನ ಪೂರ್ತಿ ಹೊಣೆ ಬಂತು. ಯಾವ ರೋಗಿಗೆ ಯಾವಾಗ ಸ್ಟೆರಾಯ್ಡ್ ಕೊಡಬೇಕು ಅಂತ ಗೊತ್ತಿತ್ತು. ಆದರೆ ರಾತ್ರಿ ಪಾಳಿಗೆ ಬಂದ 4 ಜನ ನರ್ಸ್‌ಗಳನ್ನು ಎಲ್ಲೆಲ್ಲಿ ನಿಲ್ಲಿಸಬೇಕು, ಅಳುತ್ತಾ ಕೆಲಸ ಬಿಡುತ್ತೇನೆ ಅನ್ನುವ ಹುಡುಗಿಗೆ ಏನು ಹೇಳಬೇಕು, ಇದು ಗೊತ್ತಿರಲಿಲ್ಲ. ಎಂಬಿಬಿಎಸ್‌ನ ಐದೂವರೆ ವರ್ಷ, ಎಂಡಿಯ 3 ವರ್ಷ, ಇಷ್ಟರಲ್ಲಿ ಜನರನ್ನು ಜೊತೆಗೆ ಕರೆದುಕೊಂಡು ಹೋಗುವುದು ಹೇಗೆ ಅಂತ ಯಾರೂ ಒಂದು ಗಂಟೆ ಕೂಡ ಹೇಳಿಕೊಟ್ಟಿರಲಿಲ್ಲ.

ಕೋರ್ಸ್ 2 ವರ್ಷದ್ದು, ಶನಿವಾರ ಭಾನುವಾರ ಇಡೀ ದಿನ. ಮೊದಲ ಟರ್ಮ್ ಆನ್‌ಲೈನ್. ಕ್ಲಾಸಿನಲ್ಲಿ ಮುಕ್ಕಾಲು ಪಾಲು ಐಟಿಯವರು, ಡಾಕ್ಟರ್‌ಗಳು 3 ಜನ.

ಕೊಟ್ಟ ದುಡ್ಡಿಗೆ ಮೋಸ ಇಲ್ಲ ಅನ್ನಿಸಿದ್ದು ಆಪರೇಷನ್ಸ್ ವಿಷಯದಲ್ಲಿ. ಸರ್ಜರಿ ಅಲ್ಲ, ಕೆಲಸ ಹೇಗೆ ಹರಿಯುತ್ತದೆ, ಎಲ್ಲಿ ಕಟ್ಟಿಕೊಳ್ಳುತ್ತದೆ ಅನ್ನುವ ಪಾಠ. ಜಾನ್ ಲಿಟ್ಲ್ ಅನ್ನುವವರು 1961ರಲ್ಲಿ ಸಾಬೀತು ಮಾಡಿದ ಒಂದು ಸಣ್ಣ ಸೂತ್ರ ಇದೆ. ಒಳಗೆ ಇರುವವರ ಸಂಖ್ಯೆ ಅಂದರೆ ದಿನಕ್ಕೆ ಬರುವವರ ಸಂಖ್ಯೆ ಗುಣಿಸು ಒಬ್ಬೊಬ್ಬರು ಉಳಿಯುವ ದಿನ, ಅಷ್ಟೇ. ನನ್ನ ವಾರ್ಡಿನಲ್ಲಿ 30 ಬೆಡ್. ಒಬ್ಬರು ಸರಾಸರಿ 4 ದಿನ ಇದ್ದರೆ ದಿನಕ್ಕೆ ಏಳೂವರೆ ಜನರನ್ನು ಸೇರಿಸಿಕೊಳ್ಳಬಹುದು. ಅದನ್ನೇ ಮೂರೂವರೆ ದಿನ ಮಾಡಿದರೆ ಎಂಟೂವರೆ. ಅಂದರೆ ಒಂದು ಬೆಡ್ ಕೂಡ ಹೊಸದಾಗಿ ಹಾಕದೆ ದಿನಕ್ಕೆ ಇನ್ನೊಬ್ಬ ರೋಗಿಗೆ ಜಾಗ! ಕೆಳಗೆ ಕ್ಯಾಶುವಾಲಿಟಿಯಲ್ಲಿ ಸ್ಟ್ರೆಚರ್ ಮೇಲೆ ಕಾಯುತ್ತಿರುವವರು ಆವತ್ತಿನವರೆಗೆ ನನ್ನ ಲೆಕ್ಕಕ್ಕೇ ಬಂದಿರಲಿಲ್ಲ. ಎದುರಿಗೆ ಇರುವ ರೋಗಿ ಮಾತ್ರ ನನ್ನ ರೋಗಿ ಅಂದುಕೊಂಡಿದ್ದೆ.

ಆ ಅರ್ಧ ದಿನ ಎಲ್ಲಿ ಹೋಗುತ್ತಿದೆ ಅಂತ ನೋಡಲು ಒಂದು ಗುರುವಾರ ರಜೆ ಹಾಕಿ ಒಂದೇ ಒಂದು ಫೈಲ್ ಹಿಂದೆ ತಿರುಗಿದೆ. ಡೆಂಗ್ಯೂ ವಾಸಿಯಾದ ಒಬ್ಬ ಆಟೋ ಚಾಲಕರ ಫೈಲ್. ಬೆಳಗ್ಗೆ 9:10ಕ್ಕೆ ರೌಂಡ್ಸ್‌ನಲ್ಲಿ 'ಮನೆಗೆ ಹೋಗಬಹುದು' ಅಂದರು. ಮನೆಗೆ ಕಳಿಸುವಾಗ ಕೊಡುವ ಡಿಸ್ಚಾರ್ಜ್ ಸಮ್ಮರಿ ಟೈಪ್ ಆಗಿದ್ದು 11:40ಕ್ಕೆ, ಯಾಕಂದರೆ ಜೂನಿಯರ್ ಡಾಕ್ಟರ್ ರೌಂಡ್ಸ್ ಪೂರ್ತಿ ಮುಗಿಸಿಯೇ ಬರೆಯಲು ಕೂರಬೇಕು. ಆಮೇಲೆ ಫೈಲ್ ಫಾರ್ಮಸಿಗೆ ಹೋಯಿತು. ಬಳಸದೆ ಉಳಿದ 2 ಡ್ರಿಪ್ ಬಾಟಲಿ, 6 ಇಂಜೆಕ್ಷನ್ ವಾಪಸ್ ಬರೆದುಕೊಳ್ಳಲು. ಅಲ್ಲಿ ಕೌಂಟರ್ ಪಕ್ಕದ ನೀಲಿ ಟ್ರೇಯಲ್ಲಿ ಸುಮ್ನೆ ಒಂದು ಗಂಟೆ ಐವತ್ತು ನಿಮಿಷ ಕೂತಿತ್ತು. ನಂತರ ಬಿಲ್ಲಿಂಗ್, ನಂತರ ಇನ್ಶೂರೆನ್ಸ್. ಅವರು ಹೊರಟಾಗ ಸಂಜೆ 5:45. ಹೆಂಡತಿ ಬ್ಯಾಗ್ ಕಟ್ಟಿಕೊಂಡು ಬೆಳಗ್ಗೆಯಿಂದ ಬೆಡ್ ತುದಿಯಲ್ಲೇ ಕೂತಿದ್ದರು, ಮಧ್ಯಾಹ್ನ ಊಟ ಕೂಡ ಮಾಡಿರಲಿಲ್ಲ. ಅಷ್ಟು ವರ್ಷ ಅದೇ ವಾರ್ಡಿನಲ್ಲಿ ಓಡಾಡಿದ್ದೇನೆ, ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನಾವು ಬದಲಾಯಿಸಿದ್ದು ಎರಡೇ. ಮರುದಿನ ಹೋಗುವವರ ಸಮ್ಮರಿ ಹಿಂದಿನ ಸಂಜೆಯೇ ಅರ್ಧ ತಯಾರಾಗಿರಬೇಕು, ಔಷಧಿ ವಾಪಸ್ ಕೂಡ ರಾತ್ರಿ ಪಾಳಿಯಲ್ಲೇ ಮುಗಿಯಬೇಕು. ಈಗ ಜಾಸ್ತಿ ಜನ ಮಧ್ಯಾಹ್ನ 2ರ ಒಳಗೆ ಮನೆಗೆ ಹೊರಡುತ್ತಾರೆ. ಇನ್ಶೂರೆನ್ಸ್ ಒಪ್ಪಿಗೆ ನಮ್ಮ ಕೈಯಲ್ಲಿ ಇರಲಿಲ್ಲ. 2024ರ ಮೇನಲ್ಲಿ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಡಿಸ್ಚಾರ್ಜ್‌ಗೆ 3 ಗಂಟೆಯೊಳಗೆ ಒಪ್ಪಿಗೆ ಕೊಡಬೇಕು ಅಂತ ಸುತ್ತೋಲೆ ಹೊರಡಿಸಿದ ಮೇಲೆ ಕೇಳುವುದಕ್ಕೆ ನಮಗೂ ಒಂದು ಆಧಾರ ಸಿಕ್ಕಿತು.

ಇನ್ನು ಲೀಡರ್‌ಶಿಪ್. ಅದಕ್ಕೇ ಅಂತ ಸೇರಿದ್ದೆ, ನಿಜ ಹೇಳಬೇಕೆಂದರೆ ಆ ಹೆಸರಿನ ಪೇಪರ್‌ನಿಂದ ಸಿಕ್ಕಿದ್ದು ಕಮ್ಮಿ. ಆದರೆ ಅದರಲ್ಲಿ ಒಂದು ಅಸೈನ್‌ಮೆಂಟ್ ಇತ್ತು. ನಿಮ್ಮ ಕೈಕೆಳಗೆ ಕೆಲಸ ಮಾಡುವ 8 ಜನ ಹೆಸರು ಹಾಕದೆ ನಿಮ್ಮ ಬಗ್ಗೆ ಬರೆದುಕೊಡಬೇಕು. ಒಂದು ಚೀಟಿಯಲ್ಲಿ ಹೀಗಿತ್ತು: 'ಡಾಕ್ಟರ್ ಪ್ರಶ್ನೆ ಕೇಳುತ್ತಾರೆ, ನಾವು ಬಾಯಿ ತೆರೆಯುವಷ್ಟರಲ್ಲಿ ಉತ್ತರವನ್ನೂ ಅವರೇ ಹೇಳುತ್ತಾರೆ.' ಆ ರಾತ್ರಿ ನಿದ್ದೆ ಬರಲಿಲ್ಲ. ಆಗಿನಿಂದ ರೌಂಡ್ಸ್‌ನಲ್ಲಿ ಮೊದಲು ನರ್ಸ್ ಮಾತಾಡಬೇಕು, ಆಮೇಲೆ ಜೂನಿಯರ್, ಕೊನೆಗೆ ನಾನು. ಹೋದ ತಿಂಗಳು ಒಬ್ಬ ಸಿಸ್ಟರ್ 'ಅಜ್ಜಿ ನಿನ್ನೆಗಿಂತ ಮಂಕಾಗಿದ್ದಾರೆ, ಯಾಕೋ ಸರಿ ಕಾಣುತ್ತಿಲ್ಲ' ಅಂದರು. ರಕ್ತ ಪರೀಕ್ಷೆ ಮಾಡಿಸಿದರೆ ಸೋಡಿಯಂ 116, ಅಪಾಯ ಅನ್ನುವಷ್ಟು ಕಮ್ಮಿ. ಮೊದಲಿನ ಹಾಗೆ ನಾನೇ ಮಾತಾಡಿ ಮುಗಿಸಿದ್ದರೆ ಅದು ಇನ್ನೊಂದು ದಿನ ತಡವಾಗುತ್ತಿತ್ತು.

ಬೇಸರ ತಂದದ್ದೂ ಇದೆ. ಉದಾಹರಣೆಗೆ ಅಂತ ಓದಿಸುವ ಕೇಸ್‌ಗಳೆಲ್ಲ ಸೋಪು, ಬಿಸ್ಕತ್ತು, ಅಮೆರಿಕದ ವಿಮಾನ ಕಂಪನಿ. ಎರಡು ವರ್ಷದಲ್ಲಿ ಆಸ್ಪತ್ರೆ ಬಗ್ಗೆ ಬಂದ ಒಂದೇ ಕೇಸ್ ಮಧುರೈನ ಅರವಿಂದ್ ಕಣ್ಣಿನ ಆಸ್ಪತ್ರೆಯದು. ಡಾ. ವೆಂಕಟಸ್ವಾಮಿ ನಿವೃತ್ತಿಯಾದ ಮೇಲೆ, 1976ರಲ್ಲಿ, 11 ಬೆಡ್ ಇಟ್ಟುಕೊಂಡು ಶುರು ಮಾಡಿದ್ದು. ಆ ಕ್ಲಾಸಿನ ದಿನ ಮಾತ್ರ ನಾವು 3 ಜನ ಡಾಕ್ಟರ್‌ಗಳು ಬಾಯಿ ಮುಚ್ಚಲೇ ಇಲ್ಲ. ಮಾರ್ಕೆಟಿಂಗ್ ನನಗೆ ಉಪಯೋಗಕ್ಕೆ ಬರಲಿಲ್ಲ. ಫೈನಾನ್ಸ್ ಕಷ್ಟವಾಯಿತು, ಆದರೂ ಈಗ ಬಜೆಟ್ ಮೀಟಿಂಗ್‌ನಲ್ಲಿ ಹೊಸ ಮಾನಿಟರ್ ಕೇಳುವಾಗ ಲೆಕ್ಕದ ಭಾಷೆಯಲ್ಲೇ ಕೇಳುತ್ತೇನೆ, ಸಿಗುತ್ತದೆ.

ಮನೆಗೆ ಬಿದ್ದ ಹೊರೆ ಸಣ್ಣದಲ್ಲ. ಶುಕ್ರವಾರ ನೈಟ್ ಡ್ಯೂಟಿ, ಶನಿವಾರ ಬೆಳಗ್ಗೆ ಕ್ಲಾಸ್, ಸಂಜೆ ಸಿಲ್ಕ್ ಬೋರ್ಡ್ ದಾಟಿ ಬಸವನಗುಡಿ ಸೇರುವಷ್ಟರಲ್ಲಿ ಮಗಳು ಮಲಗಿರುತ್ತಿದ್ದಳು. ಎರಡು ವರ್ಷದ ಭಾನುವಾರಗಳು ಅವಳ ಲೆಕ್ಕದಿಂದ ಹೋದವು. ಅದು ಇವತ್ತಿಗೂ ನೋಯುತ್ತದೆ.

ಈಗ ತಾನೇ ಎಂಡಿ ಮುಗಿಸಿದವರು ಕೇಳಿದರೆ ಬೇಡ ಅನ್ನುತ್ತೇನೆ. ಮೊದಲು ಒಂದು ವಾರ್ಡೋ ವಿಭಾಗವೋ ಕೈಗೆ ಬರಲಿ. ಶನಿವಾರ ಕಲಿತದ್ದನ್ನು ಸೋಮವಾರ ಮಾಡಿ ನೋಡಲು ಜಾಗ ಇಲ್ಲದಿದ್ದರೆ ಅದು ನೋಟ್ಸ್‌ನಲ್ಲೇ ಉಳಿಯುತ್ತದೆ. ಪೂರ್ತಿ ಆಸ್ಪತ್ರೆ ಆಡಳಿತಕ್ಕೇ ಹೋಗುವ ಮನಸ್ಸಿದ್ದರೆ ಅದಕ್ಕೇ ಇರುವ ಪದವಿ ಎಂಎಚ್‌ಎ ಕೂಡ ನೋಡಿ. ಸೇರುವುದು ಖಚಿತ ಅಂತಾದರೆ ಫೀಸ್ ಕಟ್ಟುವ ಮೊದಲು ಒಂದು ಶನಿವಾರ ಕ್ಲಾಸಿನಲ್ಲಿ ಕೂರಲು ಬಿಡಿ ಅಂತ ಕೇಳಿ. ನೈಟ್ ಡ್ಯೂಟಿ ಮುಗಿಸಿದ ಮರುದಿನವೇ ಹೋಗಿ ಕೂತು ನೋಡಿ.