ನಾಕ್ಟುವಾಯ್ಡಿಯಾ ಪತಂಗ: ಬಣ್ಣ, ನರ, ಜನನಾಂಗ – ಯಾವುದನ್ನು ನೋಡಿ ಗುರುತಿಸುವುದು?

ನಾಕ್ಟುವಾಯ್ಡಿಯಾ ಎಂದರೆ ಹಲವು ಕುಟುಂಬಗಳು ಸೇರಿದ ಪತಂಗಗಳ ದೊಡ್ಡ ಗುಂಪು. ಯಾವ ವಿಧಾನ ಬೇಕೆಂಬುದು ನಿಮಗೆ ಕುಟುಂಬ ಸಾಕೋ, ಪ್ರಭೇದವೇ ಬೇಕೋ ಎಂಬುದರ ಮೇಲೆ ನಿಂತಿದೆ.

ಶ್ರಮ ಕಡಿಮೆ ಇರುವುದು ರೆಕ್ಕೆಯ ಚಿತ್ತಾರ ನೋಡುವುದರಲ್ಲಿ. ಒಂದು ಒಳ್ಳೆಯ ಫೋಟೊ ಸಾಕು, ಪತಂಗ ಸಾಯಬೇಕಿಲ್ಲ. ಆದರೆ ರೆಕ್ಕೆಯ ಮೇಲಿನ ಹುಡಿಯಂಥ ಹುರುಪೆ ಉದುರಿದ ಹಳೆಯ ಪತಂಗದಲ್ಲಿ ಮೂತ್ರಪಿಂಡದಾಕಾರದ ಮಚ್ಚೆ, ಅಡ್ಡಗೆರೆಗಳೇ ಮಾಸಿರುತ್ತವೆ. ಒಂದೇ ಪ್ರಭೇದದೊಳಗೂ ಬಣ್ಣ ತುಂಬ ಬದಲಾಗುತ್ತದೆ.

ಕುಟುಂಬ ತಿಳಿಯಲು ರೆಕ್ಕೆಗೆ ಆಧಾರವಾಗಿರುವ ಗೆರೆಯಂಥ ನರಗಳೇ ಹೆಚ್ಚು ನಂಬಿಕಸ್ಥ. ರೆಕ್ಕೆಯ ನಡುಭಾಗದ ಮೂರು ನರಗಳನ್ನು ಎಂ1, ಎಂ2, ಎಂ3 ಎನ್ನುತ್ತಾರೆ. ಮುಂರೆಕ್ಕೆಯ ಎಂ2 ನರದ ಬುಡ ಎಂ3ಕ್ಕೆ ಹತ್ತಿರವಿದ್ದರೆ ಎರೆಬಿಡೆ, ನಾಕ್ಟುಯಿಡೆಯಂಥ ಕುಟುಂಬಗಳು. ಎಂ1 ಮತ್ತು ಎಂ3ರ ನಡುವಿದ್ದರೆ ನೋಟೊಡಾಂಟಿಡೆ ಕುಟುಂಬ. ಆಮೇಲೆ ಹಿಂರೆಕ್ಕೆ ನೋಡಿ: ಎಂ2 ಗಟ್ಟಿಯಾಗಿದ್ದರೆ ಹೆಚ್ಚಾಗಿ ಎರೆಬಿಡೆ, ಕ್ಷೀಣಿಸಿದ್ದರೆ ಹೆಚ್ಚಾಗಿ ನಾಕ್ಟುಯಿಡೆ. ಅಪವಾದಗಳು ಎರಡೂ ಕಡೆ ಇವೆ, ಆದ್ದರಿಂದ ಒಂದೇ ನರದ ಮೇಲೆ ತೀರ್ಪು ಕೊಡಬೇಡಿ. ರೆಕ್ಕೆಯ ಅಡಿಭಾಗಕ್ಕೆ ಒಂದು ಹನಿ ಆಲ್ಕೋಹಾಲ್ ಬಿಟ್ಟರೆ ಅದು ಆರುವವರೆಗೆ ನರಗಳು ಕಾಣುತ್ತವೆ, ಮಾದರಿಗೂ ಧಕ್ಕೆಯಿಲ್ಲ.

ನೋಡಲು ಒಂದೇ ತೆರನಾದ ಪ್ರಭೇದಗಳನ್ನು ಬೇರ್ಪಡಿಸಬೇಕಾದಾಗ ಜನನಾಂಗ ಪರೀಕ್ಷೆಯೇ ದಾರಿ. ಹೊಟ್ಟೆಯನ್ನು ಬಿಡಿಸಿ, ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿ, ಸೂಕ್ಷ್ಮದರ್ಶಕದಡಿ ಶುಚಿಗೊಳಿಸಬೇಕು. ಹೆಚ್ಚು ಹೊತ್ತು ಬಿಟ್ಟರೆ ಒಳಪೊರೆಗಳು ಮೆತ್ತಗಾಗಿ ಹರಿಯುತ್ತವೆ. ಈ ದ್ರಾವಣ ಚರ್ಮ ಸುಡುತ್ತದೆ, ಕೈಗವಸು, ಕನ್ನಡಕ ಬೇಕೇಬೇಕು. ತೆಗೆದ ಭಾಗವನ್ನು ಗ್ಲಿಸರಿನ್ ಶೀಶೆಯಲ್ಲಿಟ್ಟು ಅದೇ ಮಾದರಿಯ ಸೂಜಿಗೆ ಚುಚ್ಚಿಡಿ. ಬೇರೆಯಾದರೆ ಎರಡೂ ವ್ಯರ್ಥ.

ತೋಟದ ದೀಪಕ್ಕೆ ಬರುವವನ್ನು ದಾಖಲಿಸುವವರಿಗೆ ಫೋಟೊ ಸಾಕು. ಸಂಗ್ರಹದ ಪೆಟ್ಟಿಗೆಯನ್ನು ವಿಂಗಡಿಸುವವರು ನರಗಳಿಂದ ಶುರುಮಾಡಲಿ.