ಜೋಮು ಹಿಡಿದ ಪಾದಕ್ಕೆ ಎಂಸಿಆರ್ ಚಪ್ಪಲಿ: ನನ್ನ ಅನುಭವ

ನಾನು ಬಸ್ ಕಂಡಕ್ಟರ್. ದಿನವಿಡೀ ನಿಂತೇ ಕೆಲಸ. ಎಡಗಾಲಿನ ಅಂಗಾಲಿಗೆ ಸ್ಪರ್ಶವಿಲ್ಲ. ಮುಳ್ಳು ಚುಚ್ಚಿದರೂ ಅಷ್ಟೇ, ಬಿಸಿ ತಾಗಿದರೂ ಅಷ್ಟೇ. ಹಾಗಾಗಿ ಕೆಲವು ವರ್ಷಗಳಿಂದ ಎಂಸಿಆರ್, ಅಂದರೆ ಮೈಕ್ರೋ ಸೆಲ್ಯುಲಾರ್ ರಬ್ಬರ್ (ಒಳಗೆಲ್ಲ ಸಣ್ಣ ಸಣ್ಣ ಗಾಳಿಗುಳ್ಳೆ ಇರುವ ಮೆತ್ತನೆ ರಬ್ಬರ್) ಚಪ್ಪಲಿ ಬಿಟ್ಟು ಬೇರೇನೂ ಹಾಕುತ್ತಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರೂ ಇದನ್ನೇ ಕೊಳ್ಳುತ್ತಾರೆ. ಅವರಿಗೂ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ನನಗೆ ಬಂದಿದ್ದು ಕುಷ್ಠ. ಹೆಸರು ಹೇಳೋಕೆ ನನಗೇನೂ ಸಂಕೋಚವಿಲ್ಲ. ಆದರೆ ಮೈಮೇಲೆ ಒಂದೇ ಒಂದು ಮಚ್ಚೆಯೂ ಇರಲಿಲ್ಲ. ರೋಗಾಣು ಚರ್ಮದಲ್ಲಿ ಗುರುತು ತೋರಿಸದೆ ಬರೀ ನರದಲ್ಲಿ ಕೂತುಬಿಡುವ ಅಪರೂಪದ ಬಗೆ ಇದು. ಡಾಕ್ಟರುಗಳು ಪ್ಯೂರ್ ನ್ಯೂರೈಟಿಕ್ ಅನ್ನುತ್ತಾರೆ. ಮಚ್ಚೆಯೇ ಇಲ್ಲ ಅಂದಮೇಲೆ ಕುಷ್ಠ ಅಂತ ಯಾರಿಗೆ ಹೊಳೆಯುತ್ತೆ? ಒಂದು ದೊಡ್ಡ ಆಸ್ಪತ್ರೆಯಲ್ಲಿ ಬೆನ್ನುಮೂಳೆ ಸ್ಕ್ಯಾನ್ ಮಾಡಿಸಿ, ವಿಟಮಿನ್ ಮಾತ್ರೆ ಕೊಟ್ಟು ಕಳಿಸಿದರು. ಆಮೇಲೆ ಹಿಮ್ಮಡಿ ಒಡೆದಿದೆ ಅಂತ ಚರ್ಮದ ಡಾಕ್ಟರ ಹತ್ತಿರ ಹೋದೆ. ಆಕೆ ಹಿಮ್ಮಡಿ ನೋಡಿದವರೇ ಕಾಲಿನ ಗಂಟಿನ ಒಳಬದಿ, ಮೊಣಕಾಲಿನ ಹೊರಬದಿ, ಮೊಣಕೈ ಹಿಂದೆ ಬೆರಳಾಡಿಸಿದರು. ಮೊಣಕೈ ಹಿಂದಿನ ನರ ಹಗ್ಗದ ಹಾಗೆ ದಪ್ಪಗಾಗಿತ್ತು. ಒತ್ತಿದರೆ ಕಿರುಬೆರಳಿನವರೆಗೂ ಝುಂ ಅಂತು. ಕಣ್ಣು ಮುಚ್ಚಿಸಿ, ನೈಲಾನ್ ಎಳೆ ಮುಟ್ಟಿಸಿದಾಗ ಹೇಳಿ ಅಂದರು. ಯಾವಾಗ ಮುಟ್ಟಿಸುತ್ತಾರೋ ಅಂತ ಕಾಯುತ್ತಲೇ ಇದ್ದೆ. ಅಷ್ಟರಲ್ಲಿ ಅವರು ಅಂಗಾಲಿನ ನಾಲ್ಕೈದು ಕಡೆ ಮುಟ್ಟಿಸಿ ಮುಗಿಸಿದ್ದರು. ನರದ ಚೂರು ತೆಗೆದು ಪರೀಕ್ಷೆ ಮಾಡಿದ ಮೇಲೆ ಖಾತ್ರಿಯಾಯಿತು. 12 ತಿಂಗಳ ಮಾತ್ರೆ ಸರ್ಕಾರದಿಂದಲೇ ಉಚಿತ. ರೋಗ ವಾಸಿಯಾಯಿತು, ಹೋದ ಸ್ಪರ್ಶ ಮಾತ್ರ ವಾಪಸ್ ಬರಲಿಲ್ಲ.

ಕುಷ್ಠ ಬಂದರೆ ಬೆರಳು ತಾನಾಗೇ ಉದುರುತ್ತೆ ಅಂತ ಇವತ್ತಿಗೂ ನಂಬುವವರಿದ್ದಾರೆ. ಹಾಗಲ್ಲ ಅಂತ ತೋರಿಸಿದವರಲ್ಲಿ ವೆಲ್ಲೂರಿನಲ್ಲಿದ್ದ ಸರ್ಜನ್ ಪಾಲ್ ಬ್ರ್ಯಾಂಡ್ ಮುಖ್ಯರು. ನೋವಿರುವ ಕಾಲಾದರೆ ನಾವು ಗೊತ್ತಿಲ್ಲದೇ ಭಾರ ಬದಲಿಸುತ್ತೇವೆ, ಸ್ವಲ್ಪ ಕುಂಟುತ್ತೇವೆ. ನೋವಿಲ್ಲದ ಕಾಲು ಒಂದೇ ಜಾಗದ ಮೇಲೆ ಸಾವಿರ ಸಲ ತುಳಿಯುತ್ತೆ. ಆ ಜಾಗ ಬಿಸಿಯಾಗಿ, ಕೆಂಪಾಗಿ, ಕೊನೆಗೆ ಹುಣ್ಣಾಗುತ್ತೆ. ಎಂಸಿಆರ್ ಮಾಡುವುದು ಇಷ್ಟೇ: ಭಾರವನ್ನು ಇಡೀ ಅಂಗಾಲಿಗೆ ಹಂಚುತ್ತೆ. ಬ್ರ್ಯಾಂಡ್ ಮತ್ತು ಅವರ ಜೊತೆಗಾರರು ವೆಲ್ಲೂರು ಮತ್ತು ಅದರ ಹತ್ತಿರದ ಕರಿಗಿರಿಯಲ್ಲಿ ಈ ರಬ್ಬರನ್ನು ಬಳಕೆಗೆ ತಂದರು.

ನನ್ನ ಮೊದಲ ಜೊತೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಕ್ಕಿತು. ಈಗಿನದ್ದು ಅಂಗಡಿಯದ್ದು, 650 ರೂಪಾಯಿ. ಎಂಸಿಆರ್ ಸಿಗುವ ಮೊದಲು ತೆಳು ಹವಾಯಿ ಚಪ್ಪಲಿಯಲ್ಲಿ ಬಾನೆಟ್ ಪಕ್ಕ ನಿಂತು ಟಿಕೆಟ್ ಕೊಡುವಾಗ ಎಂಜಿನ್ ಬಿಸಿಗೆ ಬೊಕ್ಕೆ ಎದ್ದಿತ್ತು. ಮನೆಗೆ ಬಂದು ಕಾಲು ತೊಳೆಯುವಾಗ ಹೆಂಡತಿ ನೋಡಿ ಹೇಳುವವರೆಗೂ ನನಗೆ ಗೊತ್ತೇ ಆಗಿರಲಿಲ್ಲ. ಎಂಸಿಆರ್ ಹಾಕಿದ ಮೇಲೆ ಬೊಕ್ಕೆ ಬಂದಿಲ್ಲ. ಹೆಬ್ಬೆರಳಿನ ಬುಡದಲ್ಲಿದ್ದ ಆಣಿಯೂ ಕರಗುತ್ತಾ ಬಂತು. ನನಗೆ ಇದಕ್ಕಿಂತ ದೊಡ್ಡ ಗುಣ ಬೇಕಿಲ್ಲ.

ಕೊಳ್ಳುವಾಗ ಮೆತ್ತಗಿದೆ ಅಂತ ಸುಮ್ನೆ ತಗೋಬೇಡಿ. ಡಯಾಬಿಟಿಕ್ ಚಪ್ಪಲಿ ಅಂತ ಮಾರುವ ಎಷ್ಟೋ ಜೊತೆಗಳಲ್ಲಿ ಇರುವುದು ಬರೀ ಸ್ಪಂಜು, ಬೇಗ ಚಪ್ಪಟೆಯಾಗುತ್ತೆ. ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಬಿಡಿ. ತಗ್ಗು ತಕ್ಷಣ ಮೇಲೇಳಬೇಕು. ಕೆಳಗಿನ ಸೋಲ್ ಮಾತ್ರ ಗಟ್ಟಿ ಇರಬೇಕು, ಇಲ್ಲದಿದ್ದರೆ ಮುಳ್ಳು, ಗಾಜು ನೇರ ಒಳಗೆ ಬರುತ್ತೆ. ಮೊಳೆ ಹೊಡೆದದ್ದು ಬೇಡವೇ ಬೇಡ. ಮೊಳೆ ಮೇಲೆದ್ದರೆ ನಮಗೆ ತಿಳಿಯೋದಿಲ್ಲ ಅಲ್ವಾ? ಹಿಂದೆ ಪಟ್ಟಿಯೂ ಬೇಕು. ಅದಿಲ್ಲದಿದ್ದರೆ ಚಪ್ಪಲಿ ಬಿದ್ದುಹೋದದ್ದೇ ಗೊತ್ತಾಗದೆ ಬರಿಗಾಲಲ್ಲಿ ನಡೆಯುತ್ತಿರುತ್ತೀರಿ.

ಕುಂದುಗಳೂ ಇವೆ. ವೆಲ್ಕ್ರೋ ಪಟ್ಟಿಗೆ ಮಳೆಗಾಲದಲ್ಲಿ ಕೆಸರು ತುಂಬಿ ಹಿಡಿತ ಹೋಗುತ್ತೆ. ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜುತ್ತಾ ಇರಬೇಕು. ಒಗೆದರೆ ನೆರಳಲ್ಲೇ ಒಣಗಿಸಬೇಕು. ತೂಕವೂ ಸ್ವಲ್ಪ ಜಾಸ್ತಿ. ಉಚಿತವಾಗಿ ಸಿಕ್ಕ ಜೊತೆ ಕಪ್ಪು ಬಣ್ಣದ್ದು, ನೋಡಿದವರಿಗೆ ಇದು ಆಸ್ಪತ್ರೆ ಚಪ್ಪಲಿ ಅಂತ ಥಟ್ಟನೆ ಗೊತ್ತಾಗುತ್ತಿತ್ತು. ಚಪ್ಪಲಿಯೇ ಕಾಯಿಲೆಯ ಬೋರ್ಡ್ ಆದರೆ ಜನ ಅದನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. ಮಾಡುವವರು ಇದನ್ನು ದಯವಿಟ್ಟು ಯೋಚಿಸಬೇಕು. ಈಗಿನ ಕಂದು ಬಣ್ಣದ ಜೊತೆ ಬೇರೆ ಸ್ಯಾಂಡಲ್‌ಗಳಂತೆಯೇ ಇದೆ, ಯಾರೂ ತಿರುಗಿ ನೋಡುವುದಿಲ್ಲ.

ಈಗಾಗಲೇ ಹುಣ್ಣಾಗಿದ್ದರೆ, ಪಾದದ ಆಕಾರ ಬದಲಾಗಿದ್ದರೆ ಅಂಗಡಿಯ ಜೊತೆ ಸಾಲದು. ಡಾಕ್ಟರ ಸಲಹೆ ತಗೊಂಡು ಅಳತೆ ಕೊಟ್ಟು ಮಾಡಿಸಬೇಕು. ಉಳಿದವರು ಸಂಜೆ ಹೊತ್ತು ಹೋಗಿ ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತೆ, ಅಳತೆ ಸರಿಯಾಗಿ ಸಿಗುತ್ತೆ. ಮೊದಲ ದಿನ ಮನೆಯೊಳಗೇ ಸ್ವಲ್ಪ ಹೊತ್ತು ಓಡಾಡಿ, ಬಿಚ್ಚಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿ. ಎಲ್ಲಾದರೂ ಕೆಂಪಾಗಿ, ಆ ಕೆಂಪು ಬೇಗ ಇಳಿಯದಿದ್ದರೆ ಆ ಜೊತೆ ವಾಪಸ್ ಕೊಟ್ಟುಬಿಡಿ. ಬಿಲ್ ಇಟ್ಟುಕೊಂಡಿರಿ.